ಕಡಲ ಪಾಚಿ ಕಾಯ್ದ ಮರಿಲಿಂಗಮ್ಮ

ಮರಿಲಿಂಗಮ್ಮ ಕೂತು ಊಟ ಮಾಡಿದ್ದನ್ನು ನಾನು ಎರಡೋ ಮೂರೋ ಸಲ ನೋಡಿರಬಹುದು. ಕಡೇಚೂರಿನ ನಮ್ಮ ಕಾರ್ಖಾನೆಯಲ್ಲಿ ಮಧ್ಯಾಹ್ನ ಒಂದಕ್ಕೆ ಗಂಟೆ ಹೊಡೆದರೆ ಉಳಿದ ಹೆಂಗಸರು ಗೋಡೆಯ ನೆರಳಿಗೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಆಕೆ ಮಾತ್ರ ಅಂಗೈ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ಪುಂಡಿಪಲ್ಯ ಇಟ್ಟುಕೊಂಡು ಒಣಗಿಸುವ ಶೆಡ್ಡಿನ ಬಾಗಿಲಲ್ಲಿ ನಿಂತೇ ತಿನ್ನುತ್ತಿದ್ದಳು. ನಾಲ್ಕು ತುತ್ತಿಗೊಮ್ಮೆ ಒಳಗೆ ಇಣುಕಿ ನೋಡುತ್ತಿದ್ದಳು.

"ಕೂಡಬೇ ಅಕ್ಕಾ," ಎನ್ನುತ್ತಿದ್ದಳು ಜೊತೆಗೆ ಕೆಲಸ ಮಾಡುವ ಚಮನಬೀ. "ಪಾಚಿಗಿ ಕಾಲಿಲ್ಲ, ಎದ್ದು ಓಡಿಹೋಗಂಗಿಲ್ಲ."

"ಗಾಳಿಗಿ ಕಾಲದಾವಲ್ಲ," ಎನ್ನುತ್ತಿದ್ದಳು ಮರಿಲಿಂಗಮ್ಮ, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ.

ಅವರು ಪಾಚಿ ಎನ್ನುತ್ತಿದ್ದುದು ಸಮುದ್ರದಲ್ಲಿ ಬೆಳೆಯುವ ಕಂದು ಪಾಚಿಗೆ. ತಮಿಳುನಾಡಿನ ಕಡಲ ದಂಡೆಯಿಂದ ಅದು ಲಾರಿಯಲ್ಲಿ ನಮ್ಮಲ್ಲಿಗೆ ಬರುತ್ತಿತ್ತು. ಸಮುದ್ರವನ್ನೇ ಕಾಣದ ಆರು ಹೆಂಗಸರು ಅದನ್ನು ಮೂರು ನೀರಿನಲ್ಲಿ ತೊಳೆದು, ಉಪ್ಪು ತೆಗೆದು, ನೆರಳಲ್ಲಿ ಒಣಗಿಸಿ, ಚೀಲ ತುಂಬಿ ಗೋದಾಮಿಗೆ ಹಾಕುತ್ತಿದ್ದರು. ಮುಂದೆ ಅದನ್ನು ಪುಡಿ ಮಾಡಿ, ಸಾರ ತೆಗೆದು, ಹೈದರಾಬಾದಿನ ಗುಳಿಗೆ ಮಾಡುವ ಕಂಪನಿಯೊಂದಕ್ಕೆ ಕಳಿಸಲಾಗುತ್ತಿತ್ತು. ಹೆಚ್ಚಿದ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದೆ, ಬಹಳ ದಿನ ಇಟ್ಟ ಕುಸುಬಿ ಎಣ್ಣೆ ಕಮಟು ನಾತ ಹೊಡೆಯುತ್ತದೆ. ಗಾಳಿಯಲ್ಲಿನ ಆಮ್ಲಜನಕ ಮಾಡುವ ಈ ಕೆಲಸವನ್ನು ತಡೆಯುವ ಗುಣ ಆ ಪಾಚಿಯ ಸಾರದಲ್ಲಿದೆ. ಉರಿಬಿಸಿಲಿನಲ್ಲೂ, ಅಲೆಯ ಹೊಡೆತದಲ್ಲೂ ಬದುಕಬೇಕಾದ ಗಿಡ ತನ್ನ ರಕ್ಷಣೆಗೆಂದು ಮಾಡಿಕೊಂಡ ಪದಾರ್ಥ ಅದು. ಅದು ಎಷ್ಟಿದೆ, ಎಷ್ಟು ಬಲವಾಗಿದೆ ಎಂದು ಅಳೆಯುವುದು ಪ್ರಯೋಗಶಾಲೆಯಲ್ಲಿ ನನ್ನ ಕೆಲಸವಾಗಿತ್ತು.

ಮರಿಲಿಂಗಮ್ಮನಿಗೆ ಆಗ ನಲವತ್ತೇಳೋ ನಲವತ್ತೆಂಟೋ. ತವರು ಸುರಪುರದ ಕಡೆ. ಕೃಷ್ಣೆಯ ಕಾಲುವೆ ಆ ಸೀಮೆಗೆ ಬರುವಾಗ ಆಕೆಯಿನ್ನೂ ಲಂಗ ಉಡುತ್ತಿದ್ದ ಹುಡುಗಿ. ತಾಯಿಯ ಹಿಂದೆ ಹೋಗಿ ಬುಟ್ಟಿಯಲ್ಲಿ ಮಣ್ಣು ಹೊತ್ತಳು. ಕಾಲುವೆ ಮುಗಿಯಿತು, ಮಣ್ಣಿನ ಕೆಲಸವೂ ಮುಗಿಯಿತು. ಮುದನಾಳದ ತಾಯಪ್ಪನಿಗೆ ಕೊಟ್ಟು ಮದುವೆ ಮಾಡಿದ ಮೇಲೆ ಪ್ರತಿ ಹಂಗಾಮಿಗೆ ಟ್ರ್ಯಾಕ್ಟರ್ ಏರಿ ಶಹಾಪುರದ ಕಡೆ ಭತ್ತದ ನಾಟಿಗೆ ಹೋದಳು. ನಾಟಿ ಮುಗಿದರೆ ಕಳೆ, ಕಳೆ ಮುಗಿದರೆ ಮನೆ. ನೀರು ಬಿಡುವ ಮುಂಚೆ ಕಾಲುವೆಯ ಹೂಳು, ಪಾಚಿ ತೆಗೆಯಲು ಕರೆಯುತ್ತಿದ್ದರು. ನೀರು ಬಂದರೆ ಅದೂ ಮುಗಿಯುತ್ತಿತ್ತು. ಆಮೇಲೆ ಯಾದಗಿರಿಯ ಮಾರುಕಟ್ಟೆಯಲ್ಲಿ ಒಬ್ಬ ದಲಾಲನ ಅಡತಿ ಅಂಗಡಿಯ ಮುಂದೆ ತೊಗರಿ ಹಸನು ಮಾಡಿದಳು, ಮಾಲಿನ ಆವಕ ಇರುವ ನಾಲ್ಕು ತಿಂಗಳು ಮಾತ್ರ.

"ನಾ ಹಿಡದ ಕೆಲಸ ಒಂದೂ ನನ್ನ ಹಿಡದು ಇಟ್ಕೊಂಡಿಲ್ಲ ನೋಡು ತಮ್ಮಾ," ಎಂದು ಒಮ್ಮೆ ನನಗೆ ಹೇಳಿದ್ದಳು. ನಾನು ರಾಮಸಮುದ್ರದವನು, ಆಕೆಯ ಊರಿಗೆ ದೂರದವನಲ್ಲ. ಹಾಗಾಗಿ ನಾನು ಆಕೆಗೆ ತಮ್ಮ, ಆಕೆ ನನಗೆ ಚಿಕ್ಕಮ್ಮನ ಸಮಾನ, ಚಿಗವ್ವ.

ಕಾರ್ಖಾನೆಯಲ್ಲಿ ಮೂರು ವರ್ಷ ದುಡಿದಿದ್ದಳು, ಗುತ್ತಿಗೆಯ ಮೇಲೆ. ಪ್ರತಿದಿನ ಯಾದಗಿರಿಯಿಂದ ಪ್ಯಾಸೆಂಜರ್ ರೈಲುಗಾಡಿಯಲ್ಲಿ ಸೈದಾಪುರಕ್ಕೆ ಬಂದು, ಅಲ್ಲಿಂದ ಟಂಟಂ ಆಟೋ ಹಿಡಿದು ಬರುತ್ತಿದ್ದಳು. ಗುತ್ತಿಗೆಯವರ ಹೆಸರು ತಿಂಗಳಿಗೊಮ್ಮೆ ಹೊಸ ಹಾಳೆಯಲ್ಲಿ ಬರೆಯುತ್ತಿದ್ದರು. ತಿಂಗಳ ಮೊದಲ ದಿನ ಆಕೆ ಗೇಟಿನ ಹತ್ತಿರ ನಿಂತು ಗುಮಾಸ್ತ ಆ ಹಾಳೆ ಓದುವವರೆಗೆ ಸೆರಗಿನ ಅಂಚನ್ನು ತಿರುಚುತ್ತಲೇ ಇರುತ್ತಿದ್ದಳು. ಆ ವರ್ಷ ದಸರೆಯ ಹೊತ್ತಿಗೆ ನಮ್ಮ ಮ್ಯಾನೇಜರ್ ಅಬ್ದುಲ್ ಕರೀಮ ಸಾಹೇಬರು ಒಂದು ಮಾತು ಹೇಳಿದರು. ಈ ಸಲದ ನಲವತ್ತು ಚೀಲದ ಮಾಲು ಪರೀಕ್ಷೆಯಲ್ಲಿ ಚೆನ್ನಾಗಿ ಬಂದರೆ ಹೈದರಾಬಾದಿನವರು ದೊಡ್ಡ ಆರ್ಡರ್ ಕೊಡುತ್ತಾರೆ. ಆಗ ಶೆಡ್ಡಿನಿಂದ ಒಬ್ಬರ ಹೆಸರನ್ನು ಕಾಯಂ ಮಾಡಲು ಕಳಿಸಬಹುದು. ಆ ಹೆಸರು ಮರಿಲಿಂಗಮ್ಮನದು, ಯಾಕೆಂದರೆ ಗೋದಾಮಿನ ಕೀಲಿ ಆಕೆಯ ಕೈಯಲ್ಲಿತ್ತು.

ಅಂದಿನಿಂದ ಆಕೆ ಕೂರುವುದು ಮತ್ತೂ ಕಡಿಮೆಯಾಯಿತು. ಬೆಳಿಗ್ಗೆ ಬಂದವಳೇ ಹಸಿರು ಪರದೆಯ ಕೆಳಗೆ ಹರವಿದ ಪಾಚಿಯನ್ನು ತಿರುವಿ ಹಾಕುವಳು. ಬಿಸಿಲು ಒಂದು ಗೇಣು ಒಳಗೆ ಬಂದರೂ ಗೋಣಿತಟ್ಟು ಎಳೆದು ಮುಚ್ಚುವಳು. ಬಿಸಿಲು ತಾಗಿದರೆ ಪಾಚಿಯ ಬಲ ಸುಟ್ಟುಹೋಗುತ್ತದೆ ಎಂದು ಸಾಹೇಬರು ಮೊದಲ ವರ್ಷವೇ ಹೇಳಿದ್ದರು. ಮೆಣಸಿನಕಾಯಿಯಂತೆ ಅಂಗಳದಲ್ಲಿ ಹರವಿ ಬೈಸಿಕೊಂಡದ್ದನ್ನು ಆಕೆ ಮರೆತಿರಲಿಲ್ಲ.

ಜನವರಿಯ ಒಂದು ಗುರುವಾರ ನಾನು ಆ ನಲವತ್ತು ಚೀಲದ ಮಾದರಿ ಪರೀಕ್ಷೆ ಮಾಡಿದೆ. ಹಿಂದಿನ ಮಾಲುಗಳೆಲ್ಲ ನೂರಕ್ಕೆ ನಲವತ್ತರ ಆಚೀಚೆ ಬರುತ್ತಿದ್ದವು. ಇದು ಎಪ್ಪತ್ತೊಂಬತ್ತು ಬಂತು. ಮತ್ತೊಮ್ಮೆ ಮಾಡಿದೆ, ಎಪ್ಪತ್ತೆಂಟು. ಓಡಿಹೋಗಿ ಸಾಹೇಬರಿಗೆ ಹೇಳಿದೆ. ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. ನೇರ ಶೆಡ್ಡಿಗೆ ಬಂದು ಮರಿಲಿಂಗಮ್ಮನನ್ನು ಕೇಳಿದರು.

"ಏನವಾ, ಈ ಮಾಲಿಗಿ ಬ್ಯಾರೆ ಏನರ ಸೇರಿಸೀರೇನು?"

"ಯಪ್ಪಾ, ನಾವ್ಯಾಕ ಸೇರಸೋಣ್ರಿ? ಗ್ವಾಡಿ ಮ್ಯಾಲ ಬರದೀರಲ್ಲ."

ಕಚ್ಚಾ ಮಾಲಿಗೆ ಏನನ್ನೂ ಸೇರಿಸಬಾರದು ಎಂದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಆಕೆ ಸುಳ್ಳು ಹೇಳಲಿಲ್ಲ. ಹೇಳಿದ್ದು ನಿಜವೆಂದೇ ನಂಬಿದ್ದಳು.

"ಹಂಗಾರ ನಿಮ್ಮ ಕೈಗುಣ," ಎಂದು ನಕ್ಕು ಸಾಹೇಬರು ಅದೇ ಸಂಜೆ ಆ ಅಂಕಿಯನ್ನು ಹೈದರಾಬಾದಿಗೆ ಬರೆದು ಕಳಿಸಿದರು. ಸೋಮವಾರ ಅವರ ಜನ ಬರುವುದೆಂದು ತೀರ್ಮಾನವಾಯಿತು.

ಶುಕ್ರವಾರ ಮರಿಲಿಂಗಮ್ಮ ಪ್ರಯೋಗಶಾಲೆಯ ಬಾಗಿಲಿಗೆ ಬಂದಳು. ಮೂರು ವರ್ಷದಲ್ಲಿ ಹೊಸ್ತಿಲು ದಾಟಿದವಳಲ್ಲ. "ಎಪ್ಪತ್ತೊಂಬತ್ತು ಅಂದ್ರ ಹ್ಯಾಂಗ ಕಾಣ್ತದ, ತೋರಸು," ಎಂದಳು.

ನನಗೂ ಖುಷಿಯಿತ್ತು. ಒಂದು ಕೊಳವೆಯಲ್ಲಿ ನೇರಳೆ ಹಣ್ಣಿನ ಬಣ್ಣದ ದ್ರಾವಣ ತೋರಿಸಿದೆ. "ಇದರಾಗ ಒಂದು ಪುಡಿ ಕರಗಿಸೇನಿ ಚಿಗವ್ವಾ. ಈ ಪುಡಿ ಕಣದಾಗ ಒಂದು ಎಲೆಕ್ಟ್ರಾನಿಗಿ ಜೋಡಿ ಇಲ್ಲ. ಅದು ಸುಮ್ಮ ಇರಂಗಿಲ್ಲ, ಯಾರ ಹತ್ರ ಸಿಗ್ತದ, ಯಾರಿಂದ ಕಸಗೊಳ್ಳಿ ಅಂತ ನೋಡಾಕತ್ತಿರ್ತದ. ಅಂಥದ್ದ ನಮ್ಮ ಎಣ್ಣಿ ಕೆಡಸ್ತದ."

"ನಮ್ಮ ಹಿರೀಮಗನ ಹಂಗ ಅನ್ನು," ಎಂದಳು. "ಹುಡುಗಿ ಸಿಕ್ಕಿಲ್ಲ, ಮನ್ಯಾಗ ಎಲ್ಲಾರ ಮ್ಯಾಲ ಹರಿಹಾಯಾಕತ್ಯಾನ."

"ಹಂಗೇ. ಪಾಚಿ ರಸ ಅದಕ್ಕ ಬೇಕಾದ್ದು ಕೊಡ್ತದ. ಕೊಟ್ಟಕೂಡ್ಲೆ ತಣ್ಣಗಾಗಿ ಬಣ್ಣ ಬಿಡ್ತದ. ನೋಡು."

ಸಾರದ ನಾಲ್ಕು ಹನಿ ಹಾಕಿ, ಕತ್ತಲ ಪೆಟ್ಟಿಗೆಯಲ್ಲಿಟ್ಟೆ. ಅರ್ಧ ಗಂಟೆ ಆಕೆ ಆ ಪೆಟ್ಟಿಗೆಯ ಮುಂದೆ ಹೋಗುವುದು ಬರುವುದು ಮಾಡಿದಳು. ತೆಗೆದಾಗ ನೇರಳೆ ಹೋಗಿ, ತಿಳಿ ಹಳದಿ ಉಳಿದಿತ್ತು. ಆಕೆ ಕೊಳವೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ಸಮುದ್ರದ ಪಾಚಿ ಹಾಕಿದ್ರಷ್ಟ ಆಗ್ತದೇನು? ನಮ್ಮ ಕಾಲುವಿ ಪಾಚಿ ಹಾಕಿದ್ರ?"

"ಸ್ವಲ್ಪ ಆಗ್ತದ. ಈ ಗುಣ ಬಹಳ ಗಿಡದಾಗ ಇರ್ತದ. ಚಹಾದಾಗ ಅದ, ನೆಲ್ಲಿಕಾಯಿಯಾಗ ಅದ, ಅರಿಷಿಣದಾಗ ಅದ."

"ಬೇವಿನಾಗ?"

"ಬೇವಿನ ಎಲಿಯಾಗ ಜಗ್ಗಿ ಅದ," ಎಂದೆ, ಪುಸ್ತಕದಲ್ಲಿ ಓದಿದ್ದನ್ನು ಹೇಳುವ ಹುರುಪಿನಲ್ಲಿ.

ಆಕೆ ಕೊಳವೆಯನ್ನು ಮೆಲ್ಲಗೆ ಸ್ಟ್ಯಾಂಡಿನಲ್ಲಿಟ್ಟು, ಮತ್ತೇನೂ ಕೇಳದೆ ಹೊರಟುಹೋದಳು.

ನಡೆದದ್ದು ಇಷ್ಟು. ಪಾಚಿಯಲ್ಲಿ ಉಪ್ಪಿರುವವರೆಗೆ ಹುಳು ಬೀಳುವುದಿಲ್ಲ. ತೊಳೆದು ಉಪ್ಪು ತೆಗೆದ ಮೇಲೆ ಬೀಳುತ್ತದೆ. ದೀಪಾವಳಿಯ ಹೊತ್ತಿಗೆ ಗೋದಾಮಿನ ಒಂದು ಚೀಲದಲ್ಲಿ ಆಕೆ ಸಣ್ಣ ಕಂದು ಹುಳುಗಳನ್ನು ಕಂಡಿದ್ದಳು. ಯಾರಿಗೂ ಹೇಳುವ ವಿಷಯ ಅದೆಂದು ಆಕೆಗೆ ಅನಿಸಲಿಲ್ಲ. ನಮ್ಮ ಕಡೆ ಜೋಳವಿರಲಿ, ತೊಗರಿಯಿರಲಿ, ಚೀಲಕ್ಕೆ ತುಂಬುವಾಗ ತಳಕ್ಕೊಂದು, ನಡುವೆ ಒಂದು, ಬಾಯಿಗೊಂದು ಪದರ ಬೇವಿನ ಸೊಪ್ಪು ಹಾಕಿಯೇ ಹಾಕುತ್ತಾರೆ. ಹಾಕಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಚೀಲ ಹೊಲಿಯುವ ದಾರವನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ, ಹಾಗೆ. ಆಕೆ ಮತ್ತು ಚಮನಬೀ ಕೂಡಿ ನಲವತ್ತೂ ಚೀಲಕ್ಕೆ ಬೇವು ಹಾಕಿದರು, ಬಾಯಿಗೆ ತುಸು ಹೆಚ್ಚು. ಎರಡು ತಿಂಗಳಲ್ಲಿ ಎಲೆ ಒಣಗಿ, ಪುಡಿಯಾಗಿ, ಪಾಚಿಯ ಬಣ್ಣಕ್ಕೇ ತಿರುಗಿತು. ಮಾದರಿಗೆಂದು ನಾನು ಕೈ ಹಾಕಿದ್ದು ಅದೇ ಬಾಯಿಗೆ.

ಶನಿವಾರ ಇಡೀ ದಿನ ಆಕೆ ಪ್ರಯೋಗಶಾಲೆಯ ಕಡೆ ಬರುವುದು, ಅರ್ಧ ದಾರಿಯಿಂದ ತಿರುಗುವುದು ಮಾಡುತ್ತಿದ್ದಳಂತೆ. ಆ ದಿನ ಶೆಡ್ಡಿನ ಹಿಂದೆ ಇಬ್ಬರ ನಡುವೆ ನಡೆದ ಮಾತನ್ನು ಚಮನಬೀ ಆಮೇಲೆ ನನಗೆ ಹೇಳಿದಳು.

"ಬಾಯಿ ಮುಚ್ಕೊಂಡಿರು ಅಕ್ಕಾ. ಸೋಮವಾರ ಒಂದು ದಾಟಿದ್ರ ನೀ ಕಾಯಂ. ಬೇವು ಏನ್ ವಿಷ ಏನು? ಯುಗಾದಿಗಿ ನೀವ ತಿಂತೀರಿ."

"ಯುಗಾದಿಗಿ ನಾ ಗೊತ್ತಿದ್ದು ತಿಂತೀನಿ, ಚಮನಾ. ಆ ಗುಳಿಗಿ ನುಂಗವರಿಗಿ ಗೊತ್ತಿಲ್ಲ."

"ಅಲ್ಲಾ, ಅವರಿಗಿ ಪಾಚಿ ಅಂತಾದ್ರೂ ಗೊತ್ತಿರ್ತದೇನು? ಡಬ್ಬಿ ಮ್ಯಾಲ ಚಿತ್ರ ನೋಡಿ ನುಂಗ್ತಾರ."

ಮರಿಲಿಂಗಮ್ಮ ನಕ್ಕಳಂತೆ. ನಕ್ಕು, ಮತ್ತೆ ಎದ್ದು ನಡೆದಳಂತೆ.

ಭಾನುವಾರದ ವಿಷಯ ಹೇಳಿದವನು ಆಕೆಯ ಗಂಡ ತಾಯಪ್ಪ. ಅಂಗಳ ಮೂರು ಸಲ ಗುಡಿಸಿದಳಂತೆ. ಮನೆಯೊಳಗಿನ ತೊಗರಿ ಚೀಲದ ಬಾಯಿ ಬಿಚ್ಚಿ, ಒಣ ಬೇವು ಹಿಡಿದು ಮೂಸಿ, ತಿಕ್ಕಿ, ಮತ್ತೆ ಕಟ್ಟಿದಳಂತೆ. ತುಸು ಹೊತ್ತಿಗೆ ಮತ್ತೆ ಬಿಚ್ಚಿದಳಂತೆ. "ನಿನಗ ಹುಚ್ಚು ಹಿಡದದೇನಬೇ ಅಂದೆ," ಎಂದ ತಾಯಪ್ಪ. "ಹೌದು, ನಾಳಿ ಬಿಡ್ತದ ಅಂದ್ಳು."

ಸೋಮವಾರ ನಾನು ಪ್ರಯೋಗಶಾಲೆಯ ಬೀಗ ತೆಗೆಯುವ ಹೊತ್ತಿಗೆ ಆಕೆ ಮೆಟ್ಟಿಲ ಹತ್ತಿರ ನಿಂತಿದ್ದಳು. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಒಣ ಬೇವಿನ ಎಲೆ ನನ್ನ ಮೇಜಿನ ಮೇಲೆ ಸುರಿದಳು.

"ಇದರದು ರಸ ತಗದು ಆ ನೀರಿನಾಗ ಹಾಕು."

"ಯಾಕ ಚಿಗವ್ವಾ? ಇವತ್ತು ಜನ ಬರ್ತಾರ, ನನಗ ಕೆಲಸ—"

"ಹಾಕು ಅಂದ್ನೆಲ್ಲ."

ಎಲೆ ಅರೆದು, ಮೆಥನಾಲಿನಲ್ಲಿ ನೆನೆಸಿ, ಸೋಸಿದೆ. ನೇರಳೆ ದ್ರಾವಣಕ್ಕೆ ಹನಿಸಿದಾಗ ಅರ್ಧ ಗಂಟೆ ಕಾಯುವ ಅಗತ್ಯವೇ ಬೀಳಲಿಲ್ಲ. ನೋಡುತ್ತಿದ್ದಂತೆ ಬಣ್ಣ ಇಳಿಯತೊಡಗಿತು. ಆಕೆ ಅದನ್ನು ನೋಡಲೇ ಇಲ್ಲ, ನನ್ನ ಮುಖ ನೋಡುತ್ತಿದ್ದಳು.

"ನಲವತ್ತೂ ಚೀಲಕ್ಕ ಹಾಕೀವಿ," ಎಂದಳು. "ಹುಳ ಬಿದ್ದಿತ್ತು, ಅದಕ್ಕ."

ನನಗೆ ಮೊದಲು ಬಂದದ್ದು ಸಿಟ್ಟು. "ಅವತ್ತು ಸಾಹೇಬರು ಕೇಳಿದಾಗ ಯಾಕ ಹೇಳಲಿಲ್ಲ?"

"ಅವರು ಸೇರಿಸೀರೇನು ಅಂದ್ರು. ಬೇವು ಹಾಕಾದು ಸೇರಸಾದು ಅಂತ ನನಗ ಹ್ಯಾಂಗ ಗೊತ್ತಾಗಬೇಕು? ನಿಮ್ಮವ್ವ ಜೋಳದ ಚೀಲಕ್ಕ ಹಾಕಿದ್ರ ಜೋಳಕ್ಕ ಏನೋ ಬೆರಸ್ಯಾಳ ಅಂತೀಯೇನು?"

ಆಕೆ ಅಷ್ಟಕ್ಕೇ ಬಿಡಲಿಲ್ಲ.

"ನಾ ಅಡತಿ ಅಂಗಡ್ಯಾಗ ನೋಡೀನಿ. ಒಂದಕ್ಷರ ಕಲೀದ ಹಮಾಲನೂ ತೊಗರಿ ಮಾದರಿ ತಗೀಬೇಕಾದ್ರ ಚೀಲಕ್ಕ ಮೂರು ಕಡೆ ಚುಚ್ಚತಾನ. ನೀ ಎಮ್ಮೆಸ್ಸಿ ಓದಿ ಬಾಯಾಗಿಂದ ಒಂದು ಹಿಡಿ ತೊಗೊಂಡು ಹೋದಿ. ತಪ್ಪು ನನ್ನ ಒಬ್ಬಾಕೀದ ಏನು?"

ಮಾದರಿಯನ್ನು ಮೇಲಿನಿಂದ, ನಡುವಿನಿಂದ, ತಳದಿಂದ ತೆಗೆಯಬೇಕೆಂದು ನನ್ನ ಮೇಜಿನ ಕೈಪಿಡಿಯಲ್ಲೇ ಇತ್ತು. ಹಿಂದಿನ ಮಾಲುಗಳು ಒಂದೇ ತರಹ ಇದ್ದವೆಂದು ನಾನೇ ಅದನ್ನು ಬಿಟ್ಟಿದ್ದೆ.

"ಇಲ್ಲ," ಎಂದೆ. "ನಂದೂ ಅದ."

"ಹಂಗಾರ ನಡಿ, ಇಬ್ಬರೂ ಹೋಗೋಣ."

ಅಬ್ದುಲ್ ಕರೀಮ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬರುವವರಿಗೆ ಬಿಸ್ಕೀಟು, ನೀರಿನ ಬಾಟಲಿ ಜೋಡಿಸುತ್ತಿದ್ದರು. ನಾವು ಹೇಳಿದ್ದನ್ನು ಕೇಳಿ ಮೊದಲು ನಂಬಲಿಲ್ಲ. ಕೊಳವೆ ತೋರಿಸಿದೆ. ಕುರ್ಚಿಯಲ್ಲಿ ಕೂತು, ತಲೆಯ ಮೇಲೆ ಕೈ ಇಟ್ಟುಕೊಂಡರು.

"ಗುರುವಾರ ಅಂಕಿ ಕಳಿಸೀನಿ. ಅವರು ಹೊಂಟು ದಾರ್ಯಾಗ ಇದ್ದಾರ. ಈಗ ಏನಂತ ಹೇಳ್ಲಿ? ನಮ್ಮಲ್ಲಿ ಬೇವಿನ ಗಿಡ ಅದಾವ ಅಂತ ಹೇಳ್ಲೇನು?"

ಅವರು ಮರಿಲಿಂಗಮ್ಮನನ್ನು ನೋಡಿ ದನಿ ತಗ್ಗಿಸಿದರು. "ನೀ ಹೇಳದಿದ್ರ ಇದು ಯಾರಿಗೂ ತಿಳೀತಿರಲಿಲ್ಲ. ನಿನ್ನ ಹೆಸರು ನಾ ಬರದು ಇಟ್ಟೀನಿ, ನೋಡು, ಇಲ್ಲಿ ಅದ. ಗೊತ್ತದೇನು ನಿನಗ?"

"ಗೊತ್ತದರಿ."

"ಗೊತ್ತಿದ್ದೂ ಬಂದಿ."

"ಶುಕ್ರವಾರದಿಂದ ಕೂತಲ್ಲಿ ಕೂಡಾಕ ಆಗವಲ್ದು, ನಿಂತಲ್ಲಿ ನಿಂದ್ರಾಕ ಆಗವಲ್ದು ಸಾಹೇಬ್ರ. ಕಾಯಂ ಆಗಿ ಇನ್ನ ಹನ್ನೆರಡು ವರ್ಷ ಹಿಂಗ ಇರಬೇಕಂದ್ರ ನನ್ನ ಕೈಲಿ ನೀಗಂಗಿಲ್ಲ. ಫೋನ್ ಹಚ್ಚರಿ."

ಸಾಹೇಬರು ಫೋನು ಕೈಗೆತ್ತಿಕೊಂಡರು, ಇಟ್ಟರು, ಮತ್ತೆ ಎತ್ತಿಕೊಂಡರು. ನೀನು ಹೋಗು, ನಾನು ಮಾತಾಡುತ್ತೇನೆ ಎಂದು ಕೈಸನ್ನೆ ಮಾಡಿದರು. ಆಕೆ ಕದಲಲಿಲ್ಲ. ಬಾಗಿಲ ಚೌಕಟ್ಟು ಹಿಡಿದು, ಅವರು ಹಿಂದಿಯಲ್ಲಿ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ನಿಂತಳು. "ನೀಮ್ ಕಾ ಪತ್ತಾ", ಬೇವಿನ ಎಲೆ, ಎಂಬ ಮಾತು ಎರಡು ಸಲ ಕೇಳಿದ ಮೇಲೆಯೇ ಶೆಡ್ಡಿಗೆ ಹೋದಳು.

ಹೈದರಾಬಾದಿನವರು ದಾರಿಯಿಂದಲೇ ಹಿಂದಿರುಗಿದರು. ಮಾಲು ಹಸನು ಮಾಡಿ, ಹೊಸದಾಗಿ ಪರೀಕ್ಷೆ ಮಾಡಿ ಕಳಿಸಿರಿ, ನಲವತ್ತರ ಮೇಲಿದ್ದರೆ ಎಂದಿನಷ್ಟು ತೆಗೆದುಕೊಳ್ಳುತ್ತೇವೆ, ದೊಡ್ಡ ಆರ್ಡರಿನ ಮಾತು ಸದ್ಯಕ್ಕೆ ಬೇಡ ಎಂದರಂತೆ. ಗೋದಾಮಿನ ಕೀಲಿ ಅದೇ ಮಧ್ಯಾಹ್ನ ಚಮನಬೀಯ ಕೈಗೆ ಹೋಯಿತು. ಕಾಯಂ ಪಟ್ಟಿಗೆ ಶೆಡ್ಡಿನಿಂದ ಯಾರ ಹೆಸರೂ ಹೋಗಲಿಲ್ಲ. ನನಗೆ ಎಚ್ಚರಿಕೆಯ ಪತ್ರ ಬಂತು. ಆಕೆಗೆ ಪತ್ರ ಬರಲಿಲ್ಲ. ಗುತ್ತಿಗೆಯವರಿಗೆ ಪತ್ರ ಕೊಡುವ ಪದ್ಧತಿ ಇರಲಿಲ್ಲ. ಮುಂದಿನ ತಿಂಗಳ ಹಾಳೆಯಲ್ಲಿ ಹೆಸರು ಬಿಟ್ಟರೆ ಮುಗಿಯಿತು, ಅದು ಆಕೆಗೂ ಗೊತ್ತಿತ್ತು.

ನಲವತ್ತು ಚೀಲವನ್ನು ತಾಡಪತ್ರಿಯ ಮೇಲೆ ಸುರಿದು ಬೇವು ಆರಿಸುವುದಕ್ಕೆ ನಾಲ್ಕು ದಿನ ಹಿಡಿಯಿತು. ಬೇವು ತಾಗಿದ ಮೂರೂ ಪದರದ ಮಾಲನ್ನು ಬೇರೆ ರಾಶಿ ಹಾಕಿ ಬಿಟ್ಟೆವು. ಯಾವ ಚೀಲದಲ್ಲಿ ಪದರ ಎಷ್ಟು ಆಳಕ್ಕಿದೆ ಎಂಬುದು ಮರಿಲಿಂಗಮ್ಮನ ಕೈಗೆ ಗೊತ್ತಿತ್ತು. ಬೈದುಕೊಳ್ಳುತ್ತ ಆರಿಸಿದಳು, ತನ್ನನ್ನು ತಾನು ಬೈದುಕೊಂಡಳು, ಹುಳುವನ್ನು ಬೈದಳು, ಜರಡಿ ಹಿಡಿದ ನನ್ನನ್ನೂ ಬೈದಳು.

"ಬೇವು ಬ್ಯಾಡಂದ್ರ ಹುಳಕ್ಕ ಏನು ಮಾಡ್ತೀರಿ? ಅದನ್ನ ಯಾರೂ ಹೇಳವಲ್ರಿ," ಎಂದು ದಿನಕ್ಕೆ ಹತ್ತು ಸಲ ಕೇಳಿದಳು. ಗಾಳಿಯಾಡದ ದಪ್ಪ ಪ್ಲಾಸ್ಟಿಕ್ಕಿನ ಒಳಚೀಲಗಳನ್ನು ತರಿಸುವಂತೆ ನಾನು ಸಾಹೇಬರಿಗೆ ಬರೆದುಕೊಟ್ಟೆ. ಬರುವವರೆಗೆ ಆಕೆ ನನ್ನ ಬೆನ್ನು ಬಿಡಲಿಲ್ಲ.

ಐದನೆಯ ದಿನ ಮಾದರಿ ತೆಗೆಯಲು ಹೋದಾಗ ಆಕೆ ನನ್ನ ಹಿಂದೆಯೇ ಬಂದಳು. ಚಮನಬೀ ಬೀಗ ತೆಗೆದಳು. ಪ್ರತಿ ಚೀಲಕ್ಕೆ ಮೂರು ಕಡೆ ಚುಚ್ಚಿ ತೆಗೆದೆ. ಹದಿನೇಳನೆಯ ಚೀಲಕ್ಕೆ ಬೇಸರವಾಗಿ ಎರಡೇ ಸಲ ಚುಚ್ಚಿದ್ದೆ. "ತಳ ಉಳೀತು," ಎಂದಳು, ಬೇರೆ ಕಡೆ ನೋಡುತ್ತಲೇ.

ಆ ಸಂಜೆ ಅಂಕಿ ಬಂತು. ಆಕೆ ತನ್ನ ಎಂದಿನ ಗಾಡಿ ಬಿಟ್ಟು ಕಾದು ನಿಂತಿದ್ದಳು.

"ಎಷ್ಟು?"

"ನಲವತ್ತಮೂರು."

"ಅಂದ್ರ ಪಾಸೋ, ನಪಾಸೋ?"

"ಪಾಸ್. ಎಂದಿನ ಹಂಗ."

"ಎಂದಿನ ಹಂಗ," ಎಂದಳು ಆಕೆ. ಅದು ಸಮಾಧಾನವೋ ಸಂಕಟವೋ ನನಗೆ ತಿಳಿಯಲಿಲ್ಲ.

ಮಾದರಿಯ ಚೀಟಿಯಲ್ಲಿ, ತೆಗೆಯುವಾಗ ಎದುರಿಗಿದ್ದವರ ಸಹಿ ಎಂದು ಕೆಳಗೊಂದು ಗೆರೆ ಇತ್ತು. ನಾನು ಸೇರಿದಾಗಿನಿಂದ ಅದು ಖಾಲಿಯೇ ಇರುತ್ತಿತ್ತು. ಚೀಟಿಯನ್ನು ಆಕೆಯ ಮುಂದಿಟ್ಟೆ. ಸಾಕ್ಷರತಾ ಶಾಲೆಯಲ್ಲಿ ಕಲಿತ ಅಕ್ಷರಗಳನ್ನು ಒಂದೊಂದಾಗಿ ಬರೆದಳು. 'ಲಿಂ'ಗೆ ಬರುವಾಗ ಪೆನ್ನು ಒತ್ತಿ ಹಾಳೆ ಹರಿಯುವುದರಲ್ಲಿತ್ತು. ನಿಂತೇ ಬರೆದಳು. ಸ್ಟೂಲು ಎಳೆದು ಕೊಟ್ಟರೂ ಕೂರಲಿಲ್ಲ.

ಬರೆದು ಮುಗಿಸಿ, ಚೀಟಿ ತಿರುಗಿಸಿ ನನಗೆ ಕೊಟ್ಟಳು. "ಮುಂದಿನ ಲಾರಿ ಯಾವಾಗ ಬರ್ತದ?"

"ಹದಿನೈದು ದಿನಕ್ಕ."

"ಒಂದನೇ ತಾರೀಕಿನ ಮುಂಚೆನೋ, ಆಮ್ಯಾಗೋ?"

ಹೊಸ ಹಾಳೆ ಓದುವ ದಿನದ ಲೆಕ್ಕ ಹಾಕುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಆಮೇಲೆ ಎಂದೆ. ಆಕೆ ತಲೆ ಆಡಿಸಿ, ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡು, ಕಡೆಯ ಗಾಡಿಯಾದರೂ ಸಿಕ್ಕೀತೆಂದು ಗೇಟಿನ ಕಡೆ ಬಿರುಸಾಗಿ ನಡೆದಳು.